ಮಚ್ಚೆಯ ಪಟ್ಟಿ, ನನ್ನ ಸೊಂಟ

ನಮ್ಮ ಕೊಟ್ಟಿಗೆಯ ಮಚ್ಚೆ ಎಂಬ ಹಸು ನಿನ್ನೆ ಒಟ್ಟು ಎಂಟು ಗಂಟೆ ಹನ್ನೆರಡು ನಿಮಿಷ ಮೆಲುಕು ಹಾಕಿತಂತೆ. ಪಕ್ಕದಲ್ಲೇ ನಿಂತು ಸಗಣಿ ಬಾಚುತ್ತಿದ್ದ ನನಗೆ ಇದು ಗೊತ್ತಿಲ್ಲ. ನಾಲ್ಕು ಗಂಟೆ ಪ್ರಯಾಣದಷ್ಟು ದೂರದಲ್ಲಿ, ಯಾವುದೋ ಹಾಲಿನ ಟ್ಯಾಂಕಿನೊಳಗೆ ತಲೆ ತೂರಿಸಿಕೊಂಡಿರುವ ನಮ್ಮ ಯಜಮಾನರಿಗೆ ಗೊತ್ತು. ಅದೇ ಯಜಮಾನರಿಗೆ, ನನ್ನ ಎರಡು ದವಡೆ ಹಲ್ಲು ಕಿತ್ತು ನಾನು ನಾಲ್ಕು ದಿನ ಬರೀ ಹಾಲು ಕುಡಿದುಕೊಂಡು ಬಿದ್ದಿದ್ದ ಸಂಗತಿ ತಿಳಿದದ್ದು ಭಾನುವಾರ ಮಧ್ಯಾಹ್ನ, ಅದೂ ಊಟಕ್ಕೆ ಕೂತಾಗ.

"ಯಾಕೆ ಒಂದೇ ಕಡೆ ಅಗೀತಿದ್ದೀಯ?"

"ಈ ಕಡೆ ಹಲ್ಲಿಲ್ಲ."

"ಯಾವಾಗಿಂದ?"

"ಬುಧವಾರದಿಂದ."

ಇವರು ಗಾಬರಿಯಿಂದ ಜೇಬಿನ ಫೋನು ತೆಗೆದು ನೋಡಿದರು. ಇಷ್ಟು ದೊಡ್ಡ ಸುದ್ದಿ ಅದರಲ್ಲಿ ಬರದೇ ಇದ್ದದ್ದು ಹೇಗೆ ಎಂಬಂತೆ ಮೇಲಿಂದ ಕೆಳಗೆ ಬೆರಳಾಡಿಸಿ, ಮತ್ತೆ ಜೇಬಿಗೆ ಹಾಕಿಕೊಂಡರು.

ಮೊದಲು ನಮ್ಮ ಸಂಸಾರದ ವಿಸ್ತೀರ್ಣ ಹೇಳಿಬಿಡುತ್ತೇನೆ. ಹಸುಗಳು ಆರು. ಮನುಷ್ಯರು ಎರಡು, ಅದರಲ್ಲೂ ವಾರದ ಐದೂವರೆ ದಿನ ಒಂದೇ. ಮಕ್ಕಳಿಲ್ಲ. (ಆ ವಿಷಯಕ್ಕೆ ಅತ್ತು ಮುಗಿಸಿ ಹದಿನೈದು ವರ್ಷವಾಯಿತು, ಇಲ್ಲಿ ಮತ್ತೆ ಶುರು ಮಾಡುವುದಿಲ್ಲ.) ಇವರು ಹಾಲು ತಂಪು ಮಾಡುವ ಟ್ಯಾಂಕುಗಳ ಮೆಕ್ಯಾನಿಕ್ಕು. ಸೋಮವಾರ ಬೆಳಿಗ್ಗೆ ಗಾಡಿ ಹತ್ತಿದರೆ ಶನಿವಾರ ಸಂಜೆ ಇಳಿಯುವುದು. ಮೀಟರು ತೋರಿಸಿದ್ದನ್ನು ಮಾತ್ರ ನಂಬುವ ಜಾತಿ. ಮೈ ಬಿಸಿಯಾಗಿದೆ ಎಂದರೆ ಎಷ್ಟು ಬಿಸಿ ಎಂದು ಕೇಳುತ್ತಾರೆ. ಮದುವೆಯಾದ ಹೊಸತರಲ್ಲಿ, ನನ್ನ ಮೇಲೆ ಪ್ರೀತಿ ಇದೆಯಾ ಎಂದು ಕೇಳಿದ್ದೆ. ಇಲ್ಲ ಅನ್ನಲಿಲ್ಲ ಪಾಪ. ಆದರೆ ಅಳತೆಯಿಲ್ಲದ ವಿಷಯ ಬಂದಾಗ ಅವರ ಮುಖ ಕೆಳಗೆ ಬಿದ್ದ ಸ್ಕ್ರೂ ಹುಡುಕುವವರ ಮುಖದಂತಾಗುತ್ತದೆ.

ಹಾಗಿದ್ದರೂ ನನಗೆ ದೂರುವಂಥದ್ದು ಏನೂ ಇರಲಿಲ್ಲ. ಯಾಕೆಂದರೆ ದಿನಕ್ಕೆ ಮೂರು ಸಲ ಫೋನು ಬರುತ್ತಿತ್ತು. ಬೆಳಗಿನ ಹಾಲು ಕರೆದಾದ ಮೇಲೆ ಒಂದು, ಮಧ್ಯಾಹ್ನ ಒಂದು, ಸಂಜೆ ಒಂದು. ಮಾತು ಯಾವಾಗಲೂ ಕೊಟ್ಟಿಗೆಯಿಂದಲೇ ಶುರು. ಮಚ್ಚೆ ಮೇವು ತಿಂದಳಾ, ಒದೆಯುವವಳು ಒದ್ದಳಾ, ಮೇಡಮ್ಮನ ಕಾಲು ಹೇಗಿದೆ (ಇವೆಲ್ಲ ಹಸುಗಳು, ಮೇಡಮ್ಮನಿಗೆ ಆ ಹೆಸರು ಬಂದದ್ದು ಎಲ್ಲರಿಗಿಂತ ಕೊನೆಯಲ್ಲಿ ಎದ್ದು ಎಲ್ಲರಿಗಿಂತ ಮೊದಲು ತಿನ್ನುವುದರಿಂದ). ಆರೂ ಹಸುಗಳ ಯೋಗಕ್ಷೇಮ ಮುಗಿದ ಮೇಲೆ ಇವರು "ಮತ್ತೆ?" ಅನ್ನುತ್ತಿದ್ದರು. ನಾನು, "ಮತ್ತೇನಿಲ್ಲ" ಅನ್ನುತ್ತಿದ್ದೆ. ಅಲ್ಲಿಂದ ಮುಂದೆ ಹತ್ತು ನಿಮಿಷ ನಾನು ಒಂದೇ ಸಮನೆ ಮಾತಾಡುತ್ತಿದ್ದೆ. ನಲ್ಲಿ ಸೋರುವುದು, ಎದುರುಮನೆಯವರು ಬಣ್ಣ ಬಳಿಸಿದ್ದು, ಕನಸಿನಲ್ಲಿ ನನ್ನ ಅಮ್ಮ ಬಂದು ಏನೂ ಹೇಳದೆ ಹೋದದ್ದು. ಇವರು ಹ್ಞೂಂ, ಹ್ಞೂಂ ಎನ್ನುತ್ತಿದ್ದರು. ನಮ್ಮ ಇಪ್ಪತ್ತೆರಡು ವರ್ಷದ ದಾಂಪತ್ಯವೆಲ್ಲ ಆ "ಮತ್ತೆ"ಯ ಆಚೆ ಕಡೆಯೇ ನಡೆದದ್ದು.

ಆಮೇಲೆ ಪಟ್ಟಿ ಬಂತು.

ಮೇಡಮ್ಮನಿಗೆ ಕೆಚ್ಚಲು ಬಾವು ಬಂದದ್ದು ನನಗೆ ಎರಡು ದಿನ ತಡವಾಗಿ ಗೊತ್ತಾಯಿತು, ಅದೇ ನೆಪ. ಒಂದು ಭಾನುವಾರ ಇವರು ಆರು ಕೊರಳಪಟ್ಟಿ ತಂದು, ಒಂದೊಂದನ್ನೂ ಹಾರ ಬದಲಾಯಿಸುವಷ್ಟು ಶ್ರದ್ಧೆಯಿಂದ ಹಸುಗಳ ಕೊರಳಿಗೆ ಕಟ್ಟಿದರು. ಪಟ್ಟಿಗೆ ಬೆಂಕಿಪೊಟ್ಟಣದಷ್ಟು ದಪ್ಪದ ಒಂದು ಯಂತ್ರ. ಹಸು ಎಷ್ಟು ಹೆಜ್ಜೆ ಹಾಕಿತು, ಎಷ್ಟು ಹೊತ್ತು ಮೆಲುಕು ಹಾಕಿತು, ಮೈ ಎಷ್ಟು ಬಿಸಿ ಎಲ್ಲವನ್ನೂ ಅದು ಕೊಟ್ಟಿಗೆಯ ಗೋಡೆಯ ಮೇಲಿನ ಬಿಳಿ ಪೆಟ್ಟಿಗೆಗೆ ಹೇಳುತ್ತದೆ. ಪೆಟ್ಟಿಗೆ ಇವರ ಫೋನಿಗೆ ಹೇಳುತ್ತದೆ. ಹಸು ಚೆನ್ನಾಗಿದ್ದರೆ ಫೋನಿನಲ್ಲಿ ಹಸಿರು, ಇಲ್ಲದಿದ್ದರೆ ಕೆಂಪು. ನನ್ನದು ಗುಂಡಿ ಒತ್ತುವ ಹಳೇ ಫೋನು. ಅದಕ್ಕೆ ಯಾರೂ ಏನೂ ಹೇಳುವುದಿಲ್ಲ.

"ಇನ್ಮೇಲೆ ನಿನಗೆ ತೊಂದರೆ ಇಲ್ಲ" ಎಂದರು ಇವರು, ಕೈ ಒರೆಸಿಕೊಳ್ಳುತ್ತಾ. "ದಿನಕ್ಕೆ ಮೂರು ಸಲ ಕೆಲಸ ಬಿಟ್ಟು ಫೋನಿಗೆ ಓಡಿ ಬರೋದು ತಪ್ತು."

ಎಷ್ಟು ಸಂತೋಷದಿಂದ ಹೇಳಿದರೆಂದರೆ, ನನಗೆ ಆ ತೊಂದರೆಯೇ ಬೇಕು ಎಂದು ಹೇಳಲು ಬಾಯಿ ಬರಲಿಲ್ಲ. ಮೊದಲ ವಾರ ಮೂರು ಫೋನು ಒಂದಾಯಿತು. ಎರಡನೇ ವಾರ ಆ ಒಂದೂ ಹೋಗಿ ಬೆಳಿಗ್ಗೆ ಒಂದು ಸಂದೇಶ ಬರತೊಡಗಿತು: "ಎಲ್ಲ ಹಸಿರು." ಅಷ್ಟೇ. ನಾನೇ ಒಂದು ದಿನ ಫೋನು ಮಾಡಿದೆ.

"ಏನಾದ್ರೂ ಆಯ್ತಾ?" ಇವರ ದನಿ ಟ್ಯಾಂಕಿನೊಳಗಿಂದ ಗುಂಯ್ ಎಂದು ಬಂತು.

"ಏನಿಲ್ಲ, ಸುಮ್ನೆ ಮಾಡ್ದೆ."

"ಎಲ್ಲಾ ಹಸಿರೇ ಇದೆಯಲ್ಲ."

"ಹ್ಞೂಂ, ಹಸಿರೇ."

"ಹಂಗಾದ್ರೆ ಇಡ್ತೀನಿ. ಕೈಯೆಲ್ಲಾ ಗ್ರೀಸು."

ಗ್ರೀಸಿನ ಕೈಯ ಜೊತೆ ಜಗಳವಾಡುವುದು ಹೇಗೆ? ನಾನು ಕೊಟ್ಟಿಗೆಗೆ ಹೋಗಿ ಮಚ್ಚೆಗೆ ಎದುರುಮನೆಯ ಬಣ್ಣದ ವಿಷಯ ಹೇಳಿದೆ. ಮಚ್ಚೆ ಐದು ತಿಂಗಳ ಗಬ್ಬ, ಬಲು ಸಮಾಧಾನದ ಹಸು. ಪೂರ್ತಿ ಕೇಳಿಸಿಕೊಂಡು ಮೆಲುಕು ಹಾಕಿತು. ಆ ಮೆಲುಕೂ ಇವರ ಫೋನಿನಲ್ಲಿ ಜಮೆಯಾಗಿರುತ್ತದೆ ಎಂದು ನೆನಪಾಗಿ ನನಗೆ ಅಲ್ಲೇ ಅಳು ಬಂತು. ಅಳುವಿಗೆ ಯಾವ ಪಟ್ಟಿಯೂ ಇಲ್ಲ. ಮೂಗು ಒರೆಸಿಕೊಳ್ಳುವಾಗಲೇ ನನಗೆ ಆ ದಿವ್ಯ ಉಪಾಯ ಹೊಳೆದದ್ದು.

ಹಸು ಹಸಿರಾಗಿದ್ದರೆ ತಾನೇ ಫೋನು ಬರುವುದಿಲ್ಲ? ಕೆಂಪಾದರೆ?

ಸೋಮವಾರ ಹತ್ತು ಗಂಟೆಗೆ ಮಚ್ಚೆಯ ಪಟ್ಟಿ ಬಿಚ್ಚಿ ತಂದು ಅಡುಗೆಮನೆಯ ಗಡಿಯಾರದ ಪಕ್ಕದ ಮೊಳೆಗೆ ನೇತುಹಾಕಿದೆ. ಹೆಜ್ಜೆ ಇಲ್ಲ, ಮೆಲುಕು ಇಲ್ಲ. ಇವರು ಗಾಬರಿಬಿದ್ದು ನನಗೆ ಫೋನು ಮಾಡಬೇಕು, ನಾನು "ತಡೀರಿ, ನೋಡಿ ಬರ್ತೀನಿ" ಎಂದು ಹೋಗಿ ಪಟ್ಟಿ ಕಟ್ಟಿ ಬಂದು, "ಚೆನ್ನಾಗಿದಾಳೆ ಬಿಡಿ" ಅನ್ನಬೇಕು, ಇವರು ನಿಟ್ಟುಸಿರು ಬಿಟ್ಟು "ಮತ್ತೆ?" ಅನ್ನಬೇಕು. ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಹನ್ನೊಂದೂವರೆಗೆ ಅಂಗಳದಲ್ಲಿ ಕಾರು ನಿಂತ ಸದ್ದಾಯಿತು. ಕಿಟಕಿಯಿಂದ ನೋಡುತ್ತೇನೆ, ದನದ ಡಾಕ್ಟರಮ್ಮ ಕಾರಿನ ಬಾಗಿಲಲ್ಲಿ ಕೂತು ಬೂಟು ಹಾಕಿಕೊಳ್ಳುತ್ತಿದ್ದಾರೆ.

ಅವರು ಎರಡನೇ ಬೂಟು ಹಾಕುವುದರೊಳಗೆ ನಾನು ಪಟ್ಟಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹಿತ್ತಿಲ ಬಾಗಿಲಿಂದ ಓಡಿ ಮಚ್ಚೆಯ ಕೊರಳಿಗೆ ಕಟ್ಟಿಯಾಗಿತ್ತು. ಮದುವೆಗೆ ಮುಂಚೆಯೂ ನಾನು ಅಷ್ಟು ಜೋರಾಗಿ ಓಡಿದವಳಲ್ಲ.

"ನಿಮ್ಮ ಯಜಮಾನ್ರು ಪ್ರಾಣ ತಿಂದ್ಬಿಟ್ರು" ಎಂದರು ಡಾಕ್ಟರಮ್ಮ, ಮಚ್ಚೆಯ ಹೊಟ್ಟೆಗೆ ಕಿವಿಗೊಳವೆ ಇಟ್ಟು. "ಮುಕ್ಕಾಲು ಗಂಟೆಯಿಂದ ಅಲ್ಲಾಡಿಲ್ಲ, ಉಸಿರಿದೆಯಾ ನೋಡಿ ಅಂತ. ಇದು ನೋಡಿದ್ರೆ ನಮ್ಮಿಬ್ಬರಿಗಿಂತ ಚೆನ್ನಾಗಿದೆ."

"ನನಗೆ ಒಂದು ಫೋನ್ ಮಾಡ್ಬಹುದಿತ್ತಲ್ಲ ಅವರು?"

"ನಾನೂ ಅದೇ ಕೇಳ್ದೆ. ಬೇಡ ಡಾಕ್ಟ್ರೇ, ಅವಳು ಒಬ್ಬಳೇ ಇರ್ತಾಳೆ, ಗಾಬರಿ ಆಗ್ತಾಳೆ ಅಂದ್ರು."

ಈ ಮಾತಿಗೆ ಕರಗಬೇಕೋ ಉರಿಯಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದೆ. ಡಾಕ್ಟರಮ್ಮನಿಗೆ ಟೀ ಕೊಟ್ಟು, ಲೋಟ ಖಾಲಿಯಾಗುವ ಮುಂಚೆ ಇನ್ನೊಂದು ಸುರಿದು, ಮುಕ್ಕಾಲು ಗಂಟೆ ಹಿಡಿದು ಕೂರಿಸಿದೆ. ನಲ್ಲಿ, ಬಣ್ಣ, ಕನಸು ಎಲ್ಲ ಹೇಳಿ ಮುಗಿಸಿದೆ. ಪಾಪ, ಅವರು ಕಾರಿನ ಕೀಲಿಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು. ಅವರು ಹೋದ ಮೇಲೆ ಇವರ ಸಂದೇಶ ಬಂತು: "ಪಟ್ಟಿ ಸಡಿಲ ಇರಬೇಕು. ಬಿಗಿ ಮಾಡು."

ತಪ್ಪು ಎಲ್ಲಾಯಿತೆಂದು ಕೂತು ಯೋಚಿಸಿದೆ. ಮೊಳೆಗೆ ಜೀವವಿಲ್ಲ, ಹಸು ಸತ್ತಿತೆಂದೇ ಲೆಕ್ಕ. ಸತ್ತ ಹಸುವಿಗೆ ಡಾಕ್ಟರು ಬೇಕು, ಹೆಂಡತಿ ಬೇಡ. ಆದ್ದರಿಂದ ಪಟ್ಟಿ ಜೀವವಿರುವ ಒಂದು ಪ್ರಾಣಿಯ ಮೇಲೆ ಇರಬೇಕು, ಅದು ಓಡಾಡಬೇಕು, ಆದರೆ ಮೆಲುಕು ಹಾಕಬಾರದು. ಆಗ ಡಾಕ್ಟರಿಗೆ ಹೇಳುವಷ್ಟು ದೊಡ್ಡದಲ್ಲದ, ಬಿಡುವಷ್ಟು ಚಿಕ್ಕದೂ ಅಲ್ಲದ ಒಂದು ಅನುಮಾನ ಹುಟ್ಟಿ, ಮಚ್ಚೆಯ ಪಕ್ಕದಲ್ಲಿರುವವಳನ್ನು ಕೇಳಲೇಬೇಕಾಗುತ್ತದೆ. ಅಂಥ ಪ್ರಾಣಿ ಮನೆಯಲ್ಲಿ ಯಾವುದಿದೆ ಎಂದು ಸುತ್ತ ನೋಡಿದೆ. ಹುಡುಕುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮಂಗಳವಾರ ಬೆಳಿಗ್ಗೆ ಪಟ್ಟಿಯನ್ನು ನನ್ನ ಸೊಂಟಕ್ಕೆ ಕಟ್ಟಿಕೊಂಡೆ. ಮಚ್ಚೆಯ ಕೊರಳಿಗೆ ಐದನೇ ತೂತು. ನನ್ನ ಸೊಂಟಕ್ಕೂ ಐದನೇ ತೂತೇ. (ಈ ವಿಷಯ ಯಾರಿಗೂ ಹೇಳಿಲ್ಲ. ನೀವೂ ಹೇಳಬೇಡಿ.) ಮೇಲೆ ಟವೆಲು ಸುತ್ತಿಕೊಂಡು ದಿನದ ಕೆಲಸಕ್ಕೆ ಇಳಿದೆ. ಹಾಲು ಕರೆದು, ಕ್ಯಾನು ಎತ್ತಿಟ್ಟು, ಕೊಟ್ಟಿಗೆ ತೊಳೆದು, ಮೇವು ಕತ್ತರಿಸಿ, ಬಟ್ಟೆ ಒಗೆದು, ಮಹಡಿಗೆ ಹತ್ತಿ ಒಣಹಾಕಿ, ಮೋಡ ಕಂಡು ಮತ್ತೆ ಹತ್ತಿ ತೆಗೆದು, ಬಿಸಿಲು ಬಂದು ಮತ್ತೆ ಹಾಕಿದೆ. ಎರಡು ಗಂಟೆಯಿಂದ ನಾಲ್ಕರವರೆಗೆ ಫೋನಿನ ಪಕ್ಕ ಕೂತೆ. ಬರಲಿಲ್ಲ. ಸಂಜೆ ಪಟ್ಟಿಯನ್ನು ಮಚ್ಚೆಗೆ ವಾಪಸು ಕಟ್ಟುವಾಗ, ಇನ್ನೊಂದು ದಿನ ನೋಡೋಣವೆಂದು ತೀರ್ಮಾನಿಸಿದೆ. ಬುಧವಾರ ಮತ್ತೆ ಕಟ್ಟಿಕೊಂಡೆ, ಹಠಕ್ಕೆ ಬಿದ್ದು ಉಸಿರು ಬಿಗಿಹಿಡಿದು ಆರನೇ ತೂತಿಗೆ.

ನನಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಹಸು ಬೆದೆಗೆ ಬಂದಾಗ, ಅಂದರೆ ಹೋರಿಯನ್ನು ಬಯಸುವ ಕಾಲದಲ್ಲಿ, ನಿಂತಲ್ಲಿ ನಿಲ್ಲುವುದಿಲ್ಲ. ಮೇವು ಮರೆತು ಓಡಾಡುತ್ತದೆ. ಹೆಜ್ಜೆ ವಿಪರೀತ ಹೆಚ್ಚಿ ಮೆಲುಕು ಕಮ್ಮಿಯಾದರೆ ಯಂತ್ರ ಒಂದು ದಿನ ಕಾದು ನೋಡಿ "ಬೆದೆ" ಎಂದು ಸಾರಿಬಿಡುತ್ತದೆ. ಒಬ್ಬ ಗೃಹಿಣಿಯ ಸಾಧಾರಣ ಮಂಗಳವಾರಕ್ಕೂ ಅದಕ್ಕೂ ಯಂತ್ರದ ಕಣ್ಣಿನಲ್ಲಿ ವ್ಯತ್ಯಾಸವಿಲ್ಲವೆಂದು ನನಗೆ ಹೇಗೆ ಗೊತ್ತಾಗಬೇಕು?

ಬುಧವಾರ ಹನ್ನೊಂದಕ್ಕೆ ಬೈಕು ಬಂತು. ಡಬ್ಬಿಯಣ್ಣ. ಹಸುಗಳಿಗೆ ಗರ್ಭ ಕಟ್ಟಿಸಲು ತಣ್ಣನೆಯ ಡಬ್ಬಿಯಲ್ಲಿ ಬೀಜ ಹೊತ್ತು ತಿರುಗುವವನು. ಹೆಲ್ಮೆಟ್ಟನ್ನೂ ತೆಗೆಯದೆ ಕೊಟ್ಟಿಗೆ ಕಡೆ ನಡೆದ.

"ಅಕ್ಕ, ಮಚ್ಚೆ ಬೆದೆಗೆ ಬಂದಿದ್ಯಂತೆ."

"ಅದು ಐದು ತಿಂಗಳ ಗಬ್ಬ ಕಣಪ್ಪ."

"ಅದಕ್ಕೇ ಓಡಿ ಬಂದಿದ್ದು. ಗಬ್ಬದ ಹಸು ಬೆದೆಗೆ ಬಂತು ಅಂದ್ರೆ ಕಂದು ಹಾಕಿರ್ಬೇಕು, ಒಳಗಿರೋ ಕರು ಹೋಗಿರ್ಬೇಕು. ಡಾಕ್ಟರಮ್ಮ ಸಿಗ್ಲಿಲ್ಲ, ನೀನಾದ್ರೂ ಹೋಗಿ ಕೈಹಾಕಿ ನೋಡು ಅಂದ್ರು ಯಜಮಾನ್ರು. ಅವರ ದನಿ ಕೇಳೋಕಾಗ್ಲಿಲ್ಲ ಅಕ್ಕ. ಅವರೂ ಹೊರಟಿದಾರೆ."

"ಎಲ್ಲಿಗೆ?"

"ಇಲ್ಲಿಗೇ."

ನಾನು ಸೊಂಟದ ಟವೆಲನ್ನು ಇನ್ನಷ್ಟು ಬಿಗಿದುಕೊಂಡೆ. (ಆರನೇ ತೂತಿನ ಮೇಲೆ ಬಿಗಿಯಲು ಜಾಗವೇ ಇರಲಿಲ್ಲ, ಆದರೂ.) ಡಬ್ಬಿಯಣ್ಣ ಭುಜದವರೆಗೆ ಕೈಗವಸು ಹಾಕಿ ಪರೀಕ್ಷೆ ಮಾಡಿದ. ಮಚ್ಚೆ ಅವಮಾನವಾದವರಂತೆ ಗೋಡೆ ನೋಡುತ್ತಾ ನಿಂತಿತು.

"ಕರು ಕಲ್ಲುಗುಂಡಿನ ಹಾಗಿದೆ. ಏನೂ ಆಗಿಲ್ಲ" ಎಂದು ಅವನು ಕೈ ತೊಳೆದ. ಆಮೇಲೆ ಮಚ್ಚೆಯ ಕೊರಳು ನೋಡಿದ. "ಪಟ್ಟಿ ಎಲ್ಲಕ್ಕ?"

ಅಷ್ಟರಲ್ಲಿ ನನ್ನ ಟವೆಲಿನೊಳಗಿಂದ ಸಣ್ಣ ಕೆಂಪು ದೀಪ ಮಿಣುಕ್ ಮಿಣುಕ್ ಎಂದಿತು. ಡಬ್ಬಿಯಣ್ಣ ದೀಪ ನೋಡಿದ, ನನ್ನ ಮುಖ ನೋಡಿದ, ಆಮೇಲೆ ಬಹಳ ಹೊತ್ತು ಸೂರು ನೋಡಿದ.

"ರಿಜಿಸ್ಟರಿನಲ್ಲಿ ನಾನು ಏನಂತ ಬರ್ಕೊಳ್ಲಿ ಅಕ್ಕ?"

"ಏನೂ ಬರ್ಕೋಬೇಡಪ್ಪ. ಅವರಿಗೆ ಫೋನ್ ಮಾಡಿ ಕರು ಚೆನ್ನಾಗಿದೆ ಅಂತ ಹೇಳು ಸಾಕು."

ಮಾಡಿದ. ಸಿಗಲಿಲ್ಲ, ಗಾಡಿ ಓಡಿಸುವಾಗ ಫೋನು ಮುಚ್ಚಿಡುವುದು ಇವರ ನಿಯಮ. ನಾಲ್ಕು ಗಂಟೆಯ ದಾರಿಯುದ್ದಕ್ಕೂ ಕರು ಹೋಯಿತೆಂದೇ ನಂಬಿಕೊಂಡು ಬರುತ್ತಾರೆ ಎಂದು ಅರ್ಥವಾದಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಅದರ ಜೊತೆಗೇ, ನಿಜ ಹೇಳಿಬಿಡುತ್ತೇನೆ, ಬುಧವಾರ ಇವರು ಮನೆಗೆ ಬರುತ್ತಾರೆ ಎಂದು ಸಂತೋಷವೂ ಆಯಿತು. ಮುಖ ತೊಳೆದೆ, ತಲೆ ಬಾಚಿದೆ, ಹಾಸಿಗೆಯ ಮೇಲಿನ ಬಟ್ಟೆ ಬದಲಾಯಿಸಿದೆ. ಪಟ್ಟಿ ಬಿಚ್ಚಲು ಹೋದರೆ ಬರಲಿಲ್ಲ. ಹಸು ಕಂಬಕ್ಕೆ ಉಜ್ಜಿ ಬಿಚ್ಚಿಕೊಳ್ಳಬಾರದೆಂದು ಮಾಡಿಸಿದ ಬಕಲು. ಆರನೇ ತೂತಿಗೆ ಸಿಕ್ಕಿಕೊಂಡು ಸ್ವಲ್ಪವೂ ಅಲ್ಲಾಡಲಿಲ್ಲ. ಎಣ್ಣೆ ಹಚ್ಚಿದೆ, ಸೋಪು ಹಚ್ಚಿದೆ, ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಎಳೆದೆ. ಚಿಲಕ ಕಿತ್ತುಬಂತು.

ಮೂರೂವರೆಗೆ ಗಾಡಿ ನಿಂತಿತು. ಇವರು ನನ್ನನ್ನು ದಾಟಿಕೊಂಡೇ ಕೊಟ್ಟಿಗೆಗೆ ಹೋಗಿ ಮಚ್ಚೆಯ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟರು. ಕೈ ನಡುಗುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ನಾನು ಅದನ್ನು ಒಂದೇ ಒಂದು ಸಲ ನೋಡಿದ್ದೆ, ಆಸ್ಪತ್ರೆಯಲ್ಲಿ, ನನಗಾಗಿ.

"ರೀ, ಕರು ಚೆನ್ನಾಗಿದೆ. ಡಬ್ಬಿಯಣ್ಣ ಬಂದು ನೋಡ್ದ."

ಇವರು ಅಲ್ಲೇ ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತುಬಿಟ್ಟರು. ಆಮೇಲೆ ಮೆಕ್ಯಾನಿಕ್ಕು ಎಚ್ಚರವಾದ.

"ಮತ್ತೆ ಪಟ್ಟಿ ಯಾಕೆ ಹಂಗೆ ತೋರಿಸ್ತು? ಎಲ್ಲಿ ಪಟ್ಟಿ?"

ನಾನು ಟವೆಲು ತೆಗೆದೆ.

"ಇದ್ಯಾಕೆ ನಿನ್ನ ಸೊಂಟದಲ್ಲಿದೆ?"

"ಬಿಚ್ಚೋಕೆ ಬರ್ತಿಲ್ಲ."

"ಬಿಚ್ಚೋದು ಆಮೇಲೆ. ಕಟ್ಕೊಂಡಿದ್ದು ಯಾಕೆ?"

"ನೀವು ಫೋನ್ ಮಾಡ್ಲಿ ಅಂತ."

ಹೇಳಿದ ಮೇಲೆ ಬಾಯಿ ನಿಲ್ಲಲಿಲ್ಲ. "ಮಚ್ಚೆ ಒಂದು ದಿನ ಸರಿಯಾಗಿ ಅಗೀಲಿಲ್ಲ ಅಂದ್ರೆ ನಾಲ್ಕು ಗಂಟೆ ಗಾಡಿ ಓಡಿಸ್ಕೊಂಡು ಬರ್ತೀರ. ನಾನು ನಾಲ್ಕು ದಿನ ಅಗೀಲಿಲ್ಲ, ನಿಮಗೆ ಗೊತ್ತೂ ಆಗ್ಲಿಲ್ಲ. ಬೆಳಿಗ್ಗೆಯಿಂದ ಸಂಜೆ ತನಕ ನಾನು ಮಾತಾಡೋದು ಯಾರ ಹತ್ರ ಅಂತ ಒಂದು ಸಲನಾದ್ರೂ ಯೋಚ್ನೆ ಮಾಡಿದೀರಾ? ಈ ಮನೇಲಿ ಹೋಯ್, ಹಾಯ್, ಪಕ್ಕಕ್ಕೆ ಸರಿ, ಇಷ್ಟೇ ನನ್ನ ಮಾತು."

"ತೊಂದರೆ ಕೊಡಬಾರ್ದು ಅಂತ ಫೋನ್ ಬಿಟ್ಟೆ ಕಣೇ."

"ಕೊಡಿ ತೊಂದರೆ. ಅಷ್ಟೂ ಕೊಡೋಕೆ ಆಗಲ್ವಾ ನಿಮಗೆ?"

ಇವರು ಗಾಡಿಯಿಂದ ಸ್ಕ್ರೂಡ್ರೈವರು ತಂದು, ನನ್ನ ಮುಂದೆ ಮೊಣಕಾಲೂರಿ ಬಕಲು ಬಿಚ್ಚತೊಡಗಿದರು. ನಾಲ್ಕು ಸ್ಕ್ರೂ. ಒಂದೊಂದನ್ನೂ ಬಾಯಲ್ಲಿ ಕಚ್ಚಿಕೊಂಡರು, ಹಾಗಾಗಿ ಉತ್ತರ ಕೊಡುವ ಹಾಗಿರಲಿಲ್ಲ. ಪಟ್ಟಿ ಕಳಚಿದ ಮೇಲೆ ಅದನ್ನು ಕೈಯಲ್ಲಿ ಹಿಡಿದುಕೊಂಡೇ ಫೋನು ತೆಗೆದು ಮಂಗಳವಾರದ ಗೆರೆಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ನಿನ್ನೆ ಹದಿನೇಳು ಸಾವಿರ ಹೆಜ್ಜೆ ಹಾಕಿದೀಯ."

"ಇರಬಹುದು."

"ದಿನಾ ಇಷ್ಟೇನಾ?"

"ದಿನಾ ಯಾರು ಎಣಿಸ್ತಾರೆ?"

"ಎರಡರಿಂದ ನಾಲ್ಕರ ತನಕ ಒಂದು ಹೆಜ್ಜೆನೂ ಇಲ್ಲ. ಏನ್ ಮಾಡ್ತಿದ್ದೆ?"

"ಫೋನಿನ ಪಕ್ಕ ಕೂತಿದ್ದೆ."

ಇವರು ತಲೆ ಎತ್ತಲಿಲ್ಲ. ಆ ಖಾಲಿ ಗೆರೆಯ ಮೇಲೆ ಹೆಬ್ಬೆರಳು ಇಟ್ಟು ಹಾಗೇ ಕೂತಿದ್ದರು. ಆ ದಿನ ವಾಪಸು ಹೋಗಲಿಲ್ಲ. ಫೋನು ಮೂರು ಸಲ ಬಡಿದುಕೊಂಡಿತು, ಎತ್ತಲಿಲ್ಲ. ಸಂಜೆ ಹಾಲು ಕರೆಯುವಾಗ ಪಕ್ಕದಲ್ಲಿ ನಿಂತು, "ಮತ್ತೆ?" ಎಂದರು. ಎರಡು ತಿಂಗಳ ಬಾಕಿ ಮಾತನ್ನು ನಾನು ಆರು ಹಸು ಕರೆದು ಮುಗಿಸುವುದರೊಳಗೆ ತೀರಿಸಿದೆ. ಒದೆಯುವವಳೂ ಒದೆಯಲಿಲ್ಲ. ನಾನು ಗೆದ್ದೆ ಎಂದುಕೊಂಡೆ.

ಭಾನುವಾರ ಇವರು ಒಂದು ಪುಟ್ಟ ಪೆಟ್ಟಿಗೆ ಕೈಗಿಟ್ಟರು. ಮದುವೆಯಾದ ಮೇಲೆ ಕೇಳದೆ ತಂದುಕೊಟ್ಟ ಮೊದಲ ಉಡುಗೊರೆ. ಬಳೆ ಇರಬೇಕೆಂದು ತೆಗೆದು ನೋಡಿದರೆ, ಒಂದು ರೀತಿಯಲ್ಲಿ ಬಳೆಯೇ. ಕೈಗೆ ಕಟ್ಟಿಕೊಳ್ಳುವ ಕಪ್ಪು ಪಟ್ಟಿ, ನಡುವೆ ಒಂದು ಯಂತ್ರ.

"ನೀನು ಹೇಳಿದ್ದು ಪೂರ್ತಿ ನಿಜ" ಎಂದು ಇವರು ನನ್ನ ಮಣಿಕಟ್ಟಿಗೆ ಅದನ್ನು ಬಿಗಿಯುತ್ತಾ ಹೇಳಿದರು. ಕಣ್ಣು ಸ್ವಲ್ಪ ಒದ್ದೆಯಾಗಿತ್ತು, ನಾನು ನೋಡಿದೆ. "ಹಸುಗಳ ವಿಷಯ ಎಲ್ಲಾ ಗೊತ್ತು, ನಿನ್ನದೇ ಗೊತ್ತಿಲ್ಲ ಅಂದ್ರೆ ತಪ್ಪು. ಗೋಡೆ ಮೇಲಿನ ಪೆಟ್ಟಿಗೆಗೇ ಇದನ್ನೂ ಜೋಡಿಸಿದೀನಿ. ಹೆಜ್ಜೆ, ನಿದ್ದೆ, ಎದೆಬಡಿತ ಎಲ್ಲಾ ನನಗೆ ಬರುತ್ತೆ. ಇನ್ಮೇಲೆ ನೀನು ಏನೂ ಹೇಳಬೇಕಾಗಿಲ್ಲ."

ಅಷ್ಟು ಪ್ರೀತಿಯಿಂದ ಕಟ್ಟಿದ್ದನ್ನು ಬಿಚ್ಚಿ ಎಸೆಯುವುದು ಹೇಗೆ? ಸೋಮವಾರದಿಂದ ಬೆಳಗಿನ ಸಂದೇಶ ಸ್ವಲ್ಪ ಉದ್ದವಾಯಿತು: "ಎಲ್ಲ ಹಸಿರು. ನೀನೂ." ಒಂಬತ್ತು ದಿನ ಹೀಗೇ ಬಂತು. ನನಗೆ ನೆಗಡಿಯಾದರೂ ಹಸಿರೇ, ಬೇಜಾರಾದರೂ ಹಸಿರೇ.

ಹತ್ತನೇ ದಿನ ಮಧ್ಯಾಹ್ನ ಮೂರಕ್ಕೆ ಫೋನು ಬಡಿದುಕೊಂಡಿತು. ಇವರ ಹೆಸರು ಕಂಡು, ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಬಿಟ್ಟು ಓಡಿಹೋಗಿ ಎತ್ತಿದೆ.

"ಏನಿಲ್ಲ, ಊಟ ಮುಗಿಸ್ದೆ. ಕೈ ಖಾಲಿ ಇತ್ತು, ಸುಮ್ನೆ ಮಾಡ್ದೆ" ಎಂದರು ಇವರು.

ಸುಮ್ಮನೆ ಮಾಡಿದರಂತೆ. ಯಾವ ಹಸುವೂ ಕೆಂಪಾಗದೆ, ಸುಮ್ಮನೆ. ಎಲ್ಲಿಂದ ಶುರುಮಾಡಲಿ ಎಂದು ಕುರ್ಚಿ ಎಳೆದುಕೊಳ್ಳುತ್ತಿದ್ದೆ.

"ಒಂದು ನಿಮಿಷ" ಎಂದರು ಇವರು, ದನಿ ಬದಲಾಯಿಸಿ. "ಎದೆಬಡಿತ ನೂರಾ ಹದಿನಾಲ್ಕು ತೋರಿಸ್ತಿದೆ. ಏನ್ ಮಾಡ್ತಿದ್ದೀಯ ನೀನು?"

"ಏನೂ ಇಲ್ಲ. ನಿಮ್ಮ ಹತ್ರ ಮಾತಾಡ್ತಿದ್ದೀನಿ."

"ಹಂಗಾದ್ರೆ ಮಾತಾಡ್ಬೇಡ. ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋ" ಎಂದು ಇವರು ಫೋನು ಇಟ್ಟರು.

ಸುಮ್ಮನೆ ಕೂತೆ. ಹತ್ತು ನಿಮಿಷಕ್ಕೆ ಸಂದೇಶ ಬಂತು: "ಈಗ ಸರಿಹೋಯಿತು."